ಕಾಲು ನೋಡಿ ಬಾರಿಸುವ ಫೋನು

ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷ. ಬ್ಲೌಸಿನ ಅಳತೆ ಬರೆದುಕೊಳ್ಳುವ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅದನ್ನು ಬರೆದು ಕೆಳಗೆ ಗೆರೆ ಎಳೆದೆ. ಎಳೆದ ಸಿಟ್ಟಿಗೆ ಹಾಳೆ ಹರಿಯಿತು. ನನ್ನ ಗಂಡ ಮಹಾಂತೇಶ್ ರೈಸ್ ಮಿಲ್ಲಿನ ಗೇಟು ಮುಟ್ಟಿ, ಪಕ್ಕದ ಕಟ್ಟೆಯ ಮೇಲೆ ಕುಸಿದು ಕುಳಿತು ನೀರು ಕೇಳಿದರು. ನಾನು ನೀರಿಗಿಂತ ಮೊದಲು ಬೈಗುಳ ಕೊಟ್ಟೆ. ಅದು ನಾಲ್ಕು ಗಂಟೆಯೊಳಗೆ ಮುಟ್ಟಬೇಕಾದ ಗೇಟು. ಪರೀಕ್ಷೆಗೆ ಉಳಿದಿದ್ದದ್ದು ಹತ್ತೊಂಬತ್ತು ದಿನ.

ಯಾವ ಪರೀಕ್ಷೆ ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗಂಡನನ್ನು ಸುಮ್ಮನೆ ರಸ್ತೆಯ ಮೇಲೆ ಅಟ್ಟುವ ಹೆಂಗಸು ಇವಳು ಅಂದುಕೊಳ್ಳುತ್ತೀರಿ. ಇವರು ಶಿಕಾರಿಪುರದ ಕಡೆಯ ಕಾಡಿನಲ್ಲಿ ದಿನಗೂಲಿ ವಾಚರ್. ಒಂಬತ್ತು ವರ್ಷ ಆಯಿತು. ಬೇಸಿಗೆ ಬಂತೆಂದರೆ ಕಾಡ್ಗಿಚ್ಚು ದಾಟದಂತೆ ಬೆಂಕಿರೇಖೆ ಸವರುವುದು, ಬೆಂಕಿ ಬಿದ್ದರೆ ಹಸಿ ಸೊಪ್ಪು ಹಿಡಿದು ಬಡಿಯುವುದು, ಸಾಗುವಾನಿಗೆ ಕೊಡಲಿ ಬಿದ್ದ ಸದ್ದಾದರೆ ಓಡುವುದು, ಎಲ್ಲ ಇವರದೇ. ಮೈಮೇಲೆ ಖಾಕಿ ಮಾತ್ರ ಇಲ್ಲ. ನಾಳೆಯಿಂದ ಬರಬೇಡ ಎಂದು ಯಾರಾದರೂ ಅಂದರೆ ನಾಳೆಯಿಂದ ಮನೆಯಲ್ಲೇ. ಈ ಸಲ ಕಾಯಂ ಗಾರ್ಡ್ ಕೆಲಸಕ್ಕೆ ಅರ್ಜಿ ಹಾಕಿದ್ದರು, ಪಟ್ಟಿಯಲ್ಲಿ ಹೆಸರೂ ಬಂತು. ಉಳಿದದ್ದು ನಡಿಗೆಯೊಂದೇ. ಇಪ್ಪತ್ತೈದು ಕಿಲೋಮೀಟರ್, ನಾಲ್ಕು ಗಂಟೆ. ಓಡುವಂತಿಲ್ಲ, ನಡೆಯಬೇಕು. ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತದೆ. ಇದು ತಪ್ಪಿದರೆ ಇನ್ನೊಂದು ಸಲ ಎನ್ನುವುದೇ ಇಲ್ಲ.

ನಡೆಯುವುದೇ ಕೆಲಸವಾಗಿರುವ ಮನುಷ್ಯನಿಗೆ ನಡಿಗೆ ಪರೀಕ್ಷೆಯಲ್ಲಿ ಏನು ಕಷ್ಟ ಎಂದು ಊರಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ. ಆಮೇಲೆ ಗೊತ್ತಾಯಿತು. ಕಾಡಿನ ನಡಿಗೆ ಬೇರೆ. ನಾಲ್ಕು ಹೆಜ್ಜೆ ಇಡಬೇಕು, ನಿಲ್ಲಬೇಕು, ಕಿವಿ ಕೊಡಬೇಕು, ಮಣ್ಣು ನೋಡಬೇಕು. ಒಂಬತ್ತು ವರ್ಷ ಹಾಗೆ ನಡೆದ ಕಾಲಿಗೆ ಅವಸರ ಅನ್ನುವುದೇ ಮರೆತುಹೋಗಿತ್ತು.

ಇದರ ಮೇಲೆ ಇನ್ನೊಂದು. ಇವರ ಕಾಲು ಇವರ ಮಾತು ಕೇಳುವುದಿಲ್ಲ, ಪಕ್ಕದಲ್ಲಿರುವವರ ಮಾತು ಕೇಳುತ್ತದೆ. ನಮ್ಮ ತಾಳಗುಂದದ ಮನೆಯಲ್ಲಿ ಮೂರು ತಲೆಮಾರಿನಿಂದ ನಂದಿಕೋಲು ಹಿಡಿಯುವ ಪದ್ಧತಿ. ಎರಡಾಳೆತ್ತರದ ಕೋಲು, ತುದಿಯಲ್ಲಿ ಹಿತ್ತಾಳೆ ನಂದಿ, ಬುಡವನ್ನು ಸೊಂಟದ ಚರ್ಮದ ಪಟ್ಟಿಯಲ್ಲಿ ಊರಿಕೊಂಡು ಒಬ್ಬನೇ ಎತ್ತಿ ಹೆಜ್ಜೆ ಹಾಕಬೇಕು. ಪಕ್ಕದಲ್ಲಿ ಸಮಾಳದವರು ತಮ್ಮ ಜೋಡಿ ಚರ್ಮವಾದ್ಯ ಬಾರಿಸುತ್ತಾರೆ. ಬಾರಿಸಿದಂತೆ ಹೆಜ್ಜೆ, ಒಂದು ಕೂದಲೆಳೆ ಹಿಂದೆ ಮುಂದೆ ಆದರೂ ಕೋಲು ವಾಲುತ್ತದೆ. ನಮ್ಮ ಮಾವ ಪರಮಶಿವಪ್ಪನವರು ಸಮಾಳದಲ್ಲಿ ಪಳಗಿದ ಕೈ. ಇವರು ಹದಿನಾಲ್ಕನೇ ವಯಸ್ಸಿನಿಂದ ಅಪ್ಪನ ಸಮಾಳಕ್ಕೆ ಕೋಲು ಹೊತ್ತವರು. ಹಾಗಾಗಿ ಪಕ್ಕದಲ್ಲಿ ಯಾವ ಸದ್ದು ಕೇಳಿದರೂ ಇವರ ಕಾಲು ಅದಕ್ಕೆ ಕೂಡಿಕೊಳ್ಳುತ್ತದೆ. ಅಪ್ಪನ ಜೊತೆ ನಡೆದರೆ ಅಪ್ಪನ ನಡಿಗೆ, ಎಮ್ಮೆಯ ಹಿಂದೆ ಹೋದರೆ ಎಮ್ಮೆಯ ನಡಿಗೆ. ನಮ್ಮ ಕಡೆ ಗಂಡಸರು ಸಂತೆಗೆ ಹೊರಟರೆ ಹೆಂಡತಿ ಹತ್ತು ಮಾರು ಹಿಂದೆ ಚೀಲ ಹೊತ್ತು ಬರುತ್ತಿರಬೇಕು. ಇವರು ಮದುವೆಯಾದ ವಾರ ಶಿರಾಳಕೊಪ್ಪದ ಸಂತೆಗೆ ಕರೆದುಕೊಂಡು ಹೋದಾಗ ನನ್ನ ಪಕ್ಕದಲ್ಲೇ, ನನ್ನ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದಿದ್ದರು. ಆವತ್ತೇ ನನಗೆ ಇವರ ಮೇಲೆ ಜೀವ ಕೂತದ್ದು. ಅದೇ ಗುಣ ಹೀಗೆ ಕುತ್ತಿಗೆಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು.

ಪ್ರಾಕ್ಟೀಸಿಗೆ ನಾವು ಮಾಡಿಕೊಂಡ ಏರ್ಪಾಡು ಹೀಗೆ. ಬೆಳಗ್ಗೆ ಐದೂವರೆಗೆ ತಾಳಗುಂದದಿಂದ ಹೊರಡುವುದು, ಶಿರಾಳಕೊಪ್ಪ ದಾಟಿ ಸೊರಬದ ರಸ್ತೆ ಹಿಡಿಯುವುದು. ನನ್ನ ಸ್ಕೂಟಿಯ ಮೀಟರಿನಲ್ಲಿ ಇಪ್ಪತ್ತೈದು ಆಗುವುದು ಆ ರೈಸ್ ಮಿಲ್ಲಿನ ಗೇಟಿನ ಎದುರು. ನಾನು ಒಂದೊಂದು ಕಿಲೋಮೀಟರ್ ಮುಂದೆ ಹೋಗಿ ನಿಲ್ಲುತ್ತಿದ್ದೆ, ಇವರು ದಾಟಿದ ನಿಮಿಷ ಬರೆದುಕೊಂಡು ಮತ್ತೆ ಮುಂದೆ ಹೋಗುತ್ತಿದ್ದೆ. ಹೊಲಿಗೆ ಮೆಷಿನ್ನಿನ ಮೇಲೆ ಕೆಲಸ ರಾಶಿ ಬಿದ್ದಿತ್ತು. ಮದುವೆ ಬ್ಲೌಸು ಕೊಟ್ಟವರು ದಿನಾ ಫೋನು ಮಾಡಿ ನನ್ನ ತಲೆ ತಿನ್ನುತ್ತಿದ್ದರು.

ಇಪ್ಪತ್ತೆರಡು ನಿಮಿಷ ಹೆಚ್ಚಾದ ಆ ದಿನ ಗೇಟಿನಿಂದ ಸೀದಾ ಸೊರಬದಲ್ಲಿರುವ ನನ್ನ ತಂಗಿ ಗಂಗಾಶ್ರೀಯ ಮನೆಗೆ ತಿಂಡಿಗೆ ಹೋದೆವು. ಅವಳು ಒಂದು ಖಾಸಗಿ ಶಾಲೆಯಲ್ಲಿ ಆಟದ ಮೇಡಂ. ನೋಟ್‌ಬುಕ್ ನೋಡಿದವಳೇ, ಭಾವ, ನಿಮಗೆ ಒಂದು ಆ್ಯಪ್ ಹಾಕಿಕೊಡುತ್ತೇನೆ ಅಂದಳು. ಫೋನನ್ನು ಜೇಬಿನಲ್ಲಿಟ್ಟುಕೊಂಡು ನಡೆದರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಬೀಳುತ್ತದೆಂದು ಅದೇ ಲೆಕ್ಕ ಹಿಡಿಯುತ್ತದಂತೆ. ಆ ಹೆಜ್ಜೆಗೆ ಸರಿಹೊಂದುವ ಹಾಡನ್ನು ಹುಡುಕಿ ಕಿವಿಗೆ ಹಾಕುತ್ತದಂತೆ. ಹೆಜ್ಜೆ ಜೋರಾದರೆ ಹಾಡು ಜೋರು, ನಿಧಾನವಾದರೆ ಹಾಡೂ ನಿಧಾನ. ಹಾಡಿನ ಮೇಲೆ ನಡೆದರೆ ಸುಸ್ತೇ ಗೊತ್ತಾಗುವುದಿಲ್ಲ ಅಂದಳು. ಇವರ ಮುಖ ಅರಳಿತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದು, ಇದು ನಮ್ಮ ಸಮಾಳ ಇದ್ದಂಗ ಐತಿ ಎಂದು ನಕ್ಕರು. ನನಗೂ ಜೀವ ಬಂದಂತಾಯಿತು.

ಮಾರನೆಯ ದಿನ ಮೊದಲ ಐದು ಕಿಲೋಮೀಟರ್ ಇವರು ಬಾಣದಂತೆ ಹೋದರು. ಶಿರಾಳಕೊಪ್ಪ ಸರ್ಕಲ್ಲಿನಲ್ಲಿ ನಿಂತು ಖುಷಿಯಿಂದ ಸಮಯ ಬರೆದುಕೊಂಡೆ. ಹತ್ತರಲ್ಲೂ ಪರವಾಗಿಲ್ಲ. ಹನ್ನೆರಡಕ್ಕೆ ಬಂದಾಗ ಎರಡು ನಿಮಿಷ ತಡ. ಹದಿನೆಂಟರಲ್ಲಿ ಹನ್ನೆರಡು ನಿಮಿಷ ತಡ. ಬಿಸಿಲು ಏರುತ್ತಿತ್ತು. ಮೆಕ್ಕೆಜೋಳದ ಹೊಲದ ತಿರುವಿನಿಂದ ಇವರು ಕಾಣಿಸಿಕೊಂಡಾಗ ನೋಡಿದರೆ ತಲೆ ತೂಗುತ್ತ, ತುಟಿಯಲ್ಲಿ ನಗು ಇಟ್ಟುಕೊಂಡು, ನೆಂಟರ ಮನೆಗೆ ಹೊರಟವರ ಹಾಗೆ ಬರುತ್ತಿದ್ದಾರೆ. ಗೇಟು ಮುಟ್ಟಿದ್ದು ನಾಲ್ಕು ಗಂಟೆ ಮೂವತ್ತೊಂದಕ್ಕೆ. ಮೊದಲಿಗಿಂತ ಒಂಬತ್ತು ನಿಮಿಷ ಹೆಚ್ಚು. ನನ್ನ ಮೈಯೆಲ್ಲ ಉರಿದುಹೋಯಿತು. ಹೇಗಿತ್ತು ಎಂದು ಕೇಳಿದರೆ, ಭಾಳ ಆರಾಮಾಗಿತ್ತು, ಸುಸ್ತೇ ಆಗಲಿಲ್ಲ ಅಂದರು. ರಸ್ತೆಯಲ್ಲಿ ಜನ ನಿಂತು ನೋಡುವ ಹಾಗೆ ಬಾಯಿಗೆ ಬಂದಂತೆ ಬೈದೆ. ನಿಮಗೆ ಕೆಲಸ ಬೇಕೋ ಬೇಡವೋ ಅಂದೆ. ಇವರು ಸ್ಕೂಟಿ ಹತ್ತಿದರು.

ಇನ್ನೂ ಮೂರು ದಿನ ಹಾಗೇ ಆಯಿತು. ನಾಲ್ಕು ಇಪ್ಪತ್ತೆಂಟು, ನಾಲ್ಕು ಮೂವತ್ತು, ನಾಲ್ಕು ಮೂವತ್ತಮೂರು. ಫೋನು ತೆಗೆದು ನೋಡಿದರೆ ಹೊರಡುವಾಗ ನಿಮಿಷಕ್ಕೆ ನೂರಾ ಮೂವತ್ತೆರಡು ಹೆಜ್ಜೆ, ಮುಟ್ಟುವಾಗ ನೂರಾ ಆರು. ನಡುವಿನ ಗೆರೆ ಮೆಟ್ಟಿಲು ಇಳಿದ ಹಾಗೆ ಇಳಿದಿತ್ತು. ಹೊರಡುವಾಗ ಕಿವಿಯಲ್ಲಿ ಕುಣಿಯುವ ಸಿನಿಮಾ ಹಾಡು, ಕೊನೆಗೆ ಜೋಗುಳದಂಥ ಭಾವಗೀತೆ. ದಿನ ಹೋಗುತ್ತಿತ್ತು. ನನಗೆ ಊಟ ಸೇರುತ್ತಿರಲಿಲ್ಲ. ಬ್ಲೌಸಿನ ತೋಳು ತಿರುಗಿಸಿ ಹೊಲಿದು ಬಿಚ್ಚಿದೆ, ಮತ್ತೆ ತಿರುಗಿಸಿಯೇ ಹೊಲಿದೆ. ಇವರಿಗೆ ಮನಸ್ಸೇ ಇಲ್ಲ, ಒಂಬತ್ತು ವರ್ಷ ಎಲ್ಲದಕ್ಕೂ ಆಯ್ತು ಆಯ್ತು ಅಂದು ಅಂದು ಸೋಲುವುದೂ ರೂಢಿಯಾಗಿದೆ ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತ ಗೊಣಗಿದೆ. ಜಗುಲಿಯಲ್ಲಿದ್ದ ಮಾವನಿಗೆ ಕೇಳಲಿ ಎಂದೇ ಗೊಣಗಿದ್ದು.

ಸಂಜೆ ಮಾವ ಮಗನನ್ನು ಕರೆದು, ಆ ಫೋನು ಜೇಬಿನಲ್ಲಿಟ್ಟುಕೊಂಡು ಓಣಿಯ ತುದಿಯವರೆಗೆ ನಡೆ, ಒಂದು ವಯರು ನಿನ್ನ ಕಿವಿಗೆ, ಒಂದು ನನ್ನ ಕಿವಿಗೆ ಅಂದರು. ಅಪ್ಪ ಮಗ ಒಂದೇ ಇಯರ್‌ಫೋನಿಗೆ ಕಟ್ಟಿಹಾಕಿದ ಜೋಡೆತ್ತುಗಳ ಹಾಗೆ ಓಣಿಯಲ್ಲಿ ಹೋಗಿಬಂದರು. ಓಣಿಯ ಜನ ನಕ್ಕರು. ಮಾವ ನಗಲಿಲ್ಲ. ಬಂದು ಕೂತವರೇ ಇಯರ್‌ಫೋನ್ ಕಿತ್ತು ನನ್ನ ಕೈಗೆ ಕೊಟ್ಟರು.

"ಈ ಫೋನಿನಾಂವ ಕಾಲು ನೋಡಿ ಬಾರಸ್ತಾನವ್ವ," ಅಂದರು. "ನನ್ನ ಮಗನ ಕಾಲು ಬಾರಿಸಿದ್ದು ಕೇಳತಾವ. ಇಂವ ನೋಡಿದ್ರ ಕಾಲಿನ ಮಾತು ಕೇಳ್ತಾನ. ಹಿಂಗಾದ್ರ ಇಬ್ಬರೂ ಕೂಡಿ ಮಲಗಿಬಿಡ್ತಾರ."

ನನಗೆ ಇದ್ದಕ್ಕಿದ್ದಂತೆ ಎಲ್ಲ ಕಾಣಿಸಿತು. ಇವರ ಹೆಜ್ಜೆ ಏರಿನಲ್ಲಿ ಒಂದಿಷ್ಟು ಸಡಿಲವಾಗುತ್ತದೆ. ಫೋನು ಕೂಡಲೇ ಅದಕ್ಕೆ ತಕ್ಕ ನಿಧಾನದ ಹಾಡು ಹಾಕುತ್ತದೆ. ಇವರ ಕಾಲು ಆ ಹಾಡಿಗೆ ಕೂಡಿಕೊಂಡು ಇನ್ನಷ್ಟು ಸಡಿಲ. ಫೋನು ಇನ್ನೂ ನಿಧಾನ. ಬೇರೆಯವರಾಗಿದ್ದರೆ ಹಾಡು ಹೇಗಾದರೂ ಇರಲಿ ಎಂದು ತಮ್ಮ ಪಾಡಿಗೆ ನಡೆಯುತ್ತಿದ್ದರು. ಕೋಲು ಹೊತ್ತ ಕಾಲಿಗೆ ಅದು ಬರುವುದಿಲ್ಲ. ನಾನು ನಾಲ್ಕು ದಿನ ಮನಸ್ಸಿಲ್ಲದವರು ಎಂದು ಬೈದದ್ದು ಈ ಮನುಷ್ಯನನ್ನು. ನನಗೆ ನಾಚಿಕೆಯಾಯಿತು.

ಆವತ್ತು ಮಾವ ಒಂದು ಹಳೆಯ ಸಂಗತಿ ಹೇಳಿದರು. ಅವರಿಗೆ ಇಪ್ಪತ್ತರ ವಯಸ್ಸಿನಲ್ಲಿ ಅವರ ಅಣ್ಣ ಕೋಲು ಹೊತ್ತಿದ್ದರಂತೆ, ಮಾವನದು ಸಮಾಳ. ಸಮಾಳದವನ ಕಣ್ಣು ಯಾವಾಗಲೂ ಕೋಲಿನ ತುದಿಯ ನಂದಿಯ ಮೇಲೆ ಇರಬೇಕು, ಹೊತ್ತವನ ಕಾಲು ನೋಡುವಂತಿಲ್ಲ, ಅದೇ ಮೊದಲ ಪಾಠ. ಆ ದಿನ ಅಣ್ಣನ ಮೊಣಕಾಲು ನಡುಗುವುದು ಕಣ್ಣಿಗೆ ಬಿತ್ತು. ಪಾಪ ಅನ್ನಿಸಿ ಕೈ ಸ್ವಲ್ಪ ಸಡಿಲ ಬಿಟ್ಟರು. ಅಣ್ಣ ಸಡಿಲವಾದ. ಮಾವ ಇನ್ನೂ ಸಡಿಲ ಬಿಟ್ಟರು. ಕೊನೆಗೆ ಕೋಲು ಅಣ್ಣನ ಮೇಲೆಯೇ ಬಂತು, ಭುಜ ಮುರಿಯಿತು. ಸಮಾಳ ಕಲಿಸಿದ ಗುರುಗಳು ಎಲ್ಲರೆದುರು ಮಾವನ ಕೆನ್ನೆಗೆ ಹೊಡೆದರಂತೆ. ಹೇಳುವಾಗ ಮಾವನ ಕಣ್ಣಲ್ಲಿ ನೀರು ಬಂತು. ನಲವತ್ತೆಂಟು ವರ್ಷದ ಹಿಂದಿನ ಮಾತು.

ನಾನು ಫೋನು ಹಿಡಿದು ಕೂತೆ. ತಂಗಿಗೆ ಫೋನು ಹಚ್ಚಿ, ಒಂದೊಂದೇ ಒತ್ತಿ ನೋಡಿ, ಹೆಜ್ಜೆಯನ್ನು ನಾವೇ ನಿಗದಿ ಮಾಡುವ ಜಾಗ ಹುಡುಕಿದೆವು. ನೂರಾ ಮೂವತ್ತೆರಡಕ್ಕೆ ಕಟ್ಟಿ ಹಾಕಿದೆ. ಇನ್ನು ಇವರು ತೆವಳಿದರೂ ಹಾಡು ಇಳಿಯುವುದಿಲ್ಲ. ಮಾರನೆಯ ದಿನ ನಾಲ್ಕು ಗಂಟೆ ಎಂಟು ನಿಮಿಷ. ಎರಡು ದಿನ ಬಿಟ್ಟು ನಾಲ್ಕು ಗಂಟೆ ಎರಡು. ಪರೀಕ್ಷೆಗೆ ಆರು ದಿನ ಇದ್ದಾಗ ಮೂರು ಗಂಟೆ ಐವತ್ತಾರು. ಗೇಟಿನೆದುರು ನಾನು ಸ್ಕೂಟಿಯ ಹಾರ್ನ್ ಒತ್ತಿ ಹಿಡಿದೆ, ಮಿಲ್ಲಿನ ವಾಚ್‌ಮನ್ ಏನಾಯಿತೆಂದು ಓಡಿ ಬಂದ. ಅಂದು ಮನೆಯಲ್ಲಿ ಹೋಳಿಗೆ ಮಾಡಿದೆ.

ಆ ಹೋಳಿಗೆ ಗಂಟಲಿಂದ ಇಳಿಯುವ ಮೊದಲೇ ಸುದ್ದಿ ಬಂತು. ಬೇರೆ ಯಾರೂ ತಂದದ್ದಲ್ಲ, ನನ್ನ ಕೈಯಲ್ಲೇ ಇತ್ತು. ಪರೀಕ್ಷೆಯ ಪತ್ರವನ್ನು ಬಂದ ದಿನವೇ ನಾನೇ ಓದಿದ್ದೆ, ನಾನೇ ಮಡಿಚಿ ಬೀರುವಿನಲ್ಲಿ ಇಟ್ಟಿದ್ದೆ. ಜಾಗ, ದಿನ, ಗಂಟೆ ಓದಿ ಖುಷಿಯಲ್ಲಿ ಹಾಳೆ ತಿರುವಿರಲಿಲ್ಲ. ಅಂದು ಫೋಟೊ ಅಂಟಿಸಲು ತೆಗೆದಾಗ ಹಿಂದಿನ ಪುಟ ಕಾಣಿಸಿತು. ಅಭ್ಯರ್ಥಿಗಳು ಮೊಬೈಲ್, ಇಯರ್‌ಫೋನ್, ಕೈಗಡಿಯಾರ ಯಾವುದನ್ನೂ ತರುವಂತಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ನಾನು ಒಂದು ಹಾಳೆ ತಿರುವಿ ನೋಡಲಿಲ್ಲವಲ್ಲ. ಇವರಿಗೆ ತೋರಿಸಿದೆ. ಈಗಲಾದರೂ ನನಗೆ ಒಂದು ಮಾತು ಬೈಯಲಿ ಎಂದು ಕಾದೆ. ಇವರು ಎರಡು ಸಲ ಓದಿ, ಆಯ್ತು, ನಾಳೆಯಿಂದ ಹಂಗೇ ನಡಿಯೂಣು ಅಂದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಖಾಲಿ ಕಿವಿಯ ಮೊದಲ ದಿನ ನಾಲ್ಕು ಗಂಟೆ ಒಂಬತ್ತು ನಿಮಿಷ. ಒಂದು ಟ್ರ್ಯಾಕ್ಟರ್ ಪಕ್ಕದಲ್ಲಿ ಗುಡುಗುಡು ಎಂದು ಹೋದರೆ ಸಾಕು, ಇವರ ಹೆಜ್ಜೆ ಕೆಡುತ್ತಿತ್ತು. ಮಾವ ಹೇಳಿದ್ದು ಒಂದೇ: ಮನಸ್ಸಿನಲ್ಲಿ ನೀನೇ ಬಾರಿಸಿಕೋ, ಹೊರಗಿನ ಯಾವುದಕ್ಕೂ ಕಿವಿ ಕೊಡಬೇಡ. ಹೇಳುವುದು ಸುಲಭ. ಪರೀಕ್ಷೆಗೆ ಎರಡು ದಿನ ಮೊದಲು ಕೊನೆಯ ಸಲ ನಡೆದಾಗ ನಾಲ್ಕು ಗಂಟೆ ಒಂದು ನಿಮಿಷ ಹತ್ತು ಸೆಕೆಂಡು. ಅಷ್ಟೇ. ಎಪ್ಪತ್ತು ಸೆಕೆಂಡು. ಎರಡು ದಿನ ನಾನು ಆ ಎಪ್ಪತ್ತು ಸೆಕೆಂಡನ್ನೇ ನೆನೆದುಕೊಂಡು ಮನೆಯಲ್ಲಿ ಸುತ್ತಾಡಿದೆ. ಹಾಲು ಉಕ್ಕಿ ಒಲೆ ಆರಿದರೂ ಗೊತ್ತಾಗಲಿಲ್ಲ.

ಪರೀಕ್ಷೆ ಇದ್ದದ್ದು ಸೊರಬದಲ್ಲಿ. ಮೈದಾನದಿಂದ ಹೊರಟು ಚಂದ್ರಗುತ್ತಿಯ ರಸ್ತೆಯಲ್ಲಿ ಹನ್ನೆರಡೂವರೆ ಕಿಲೋಮೀಟರ್ ಹೋಗಿ, ಅಲ್ಲಿಂದ ತಿರುಗಿ ಅದೇ ಮೈದಾನಕ್ಕೆ ಬರಬೇಕು. ದಾರಿಯಲ್ಲಿ ಅಲ್ಲಲ್ಲಿ ಮೇಜು ಹಾಕಿ ನೀರು ಇಟ್ಟು, ಅಲ್ಲಿ ಕೂತವರು ಎಷ್ಟು ಹೊತ್ತಾಯಿತೆಂದು ಕೂಗಿ ಹೇಳುತ್ತಾರೆ, ಅಷ್ಟೇ. ಜೊತೆಗೆ ಬಂದವರು ಗೇಟಿನ ಹೊರಗೇ ಇರಬೇಕು. ಎದೆಗೆ ನಂಬರ್ ಕಟ್ಟಿಸಿಕೊಂಡು ಇವರು ಒಳಗೆ ಹೋದರು. ನಾನು ಫೋನು ಇಸಕೊಂಡೆ. ಏನಾದರೂ ಒಳ್ಳೆಯ ಮಾತು ಹೇಳಬೇಕೆಂದುಕೊಂಡಿದ್ದೆ, ಬಾಯಿಗೆ ಬಂದದ್ದು ಬೂಟಿನ ಲೇಸು ಸರಿಯಾಗಿ ಕಟ್ಟಿಕೊಳ್ಳಿ ಎಂಬುದು. ಏಳು ಗಂಟೆಗೆ ಸೀಟಿ ಊದಿದರು.

ಗೇಟಿನ ಹೊರಗೆ ಒಂದು ಹೊಂಗೆ ಮರ. ಅದರ ಕೆಳಗೆ ನನ್ನ ಪಕ್ಕ ಬಂದು ಕೂತವಳು ನಾಗವೇಣಿ, ಚಂದ್ರಗುತ್ತಿ ಕಡೆಯವಳು. ಅವಳ ಗಂಡ ರಾಜು ಕೂಡ ವಾಚರನೇ, ಹನ್ನೊಂದು ವರ್ಷದಿಂದ, ಅವನಿಗೂ ಇದೇ ಕೊನೆಯ ಸಲ. ಹೊರಡುವಾಗ ಅವನನ್ನು ನೋಡಿದ್ದೆ. ಗಟ್ಟಿ ಮೈಕಟ್ಟಿನವನು, ಕಾಲಲ್ಲಿ ದಪ್ಪ ಬೂಟು, ನಡೆದರೆ ಟಪ್ ಟಪ್ ಎಂದು ದೂರಕ್ಕೆ ಕೇಳುತ್ತಿತ್ತು. ಬೇರೆ ಬೂಟಿನಲ್ಲಿ ಕಾಲು ನೋಯುತ್ತದೆ ಎಂದು ಇದನ್ನೇ ಹಾಕಿಕೊಂಡು ಬಂದಿದ್ದಾರೆ, ಎಷ್ಟು ಹೇಳಿದರೂ ಕೇಳಲಿಲ್ಲ ಎಂದು ನಾಗವೇಣಿ ಅಂದಳು. ಅವಳು ತಂದ ಕೊಟ್ಟೆ ಕಡುಬು ನಾನು ತಿಂದೆ, ನಾನು ತಂದ ರೊಟ್ಟಿ ಅವಳು ತಿಂದಳು. ಮಾತಾಡುತ್ತ ಆಡುತ್ತ ಒಂಬತ್ತಾಯಿತು. ಕೊಟ್ಟ ನಾಲ್ಕು ಗಂಟೆ ಮುಗಿಯುವುದು ಹನ್ನೊಂದಕ್ಕೆ.

ಆ ಹೊತ್ತಿನಲ್ಲಿ ರಸ್ತೆಯ ಮೇಲೆ ಆದದ್ದನ್ನು ಇವರು ಆಮೇಲೆ ಹೇಳಿದರು. ತಿರುಗುವ ಕಂಬದವರೆಗೆ ಇವರು ಮನಸ್ಸಿನಲ್ಲಿ ಬಾರಿಸಿಕೊಂಡು ಸರಿಯಾಗಿಯೇ ಹೋಗಿದ್ದರು. ಕಂಬ ಸುತ್ತುವಾಗ ಪಕ್ಕದಲ್ಲಿ ಒಬ್ಬ ಸೇರಿಕೊಂಡ. ಅದೇ ರಾಜು. ಇಬ್ಬರೂ ಮಾತಾಡಲಿಲ್ಲ, ಉಸಿರು ಕಾಯ್ದುಕೊಳ್ಳಬೇಕಲ್ಲ. ಪಕ್ಕದಲ್ಲಿ ಆ ದಪ್ಪ ಬೂಟು ಟಪ್ ಟಪ್ ಬೀಳುತ್ತಿತ್ತು. ಇವರ ಕಾಲಿಗೆ ಅದು ಹಿತವಾಗಿ ಕೇಳಿಸಿತು. ಹೆಜ್ಜೆಗೆ ಹೆಜ್ಜೆ ಕೂಡಿಬಿಟ್ಟಿತು, ಮನಸ್ಸಿನ ಸಮಾಳ ಯಾವಾಗ ನಿಂತಿತೋ ಇವರಿಗೆ ಗೊತ್ತೇ ಇಲ್ಲ. ಒಳ್ಳೆಯ ಜೊತೆ ಸಿಕ್ಕಿತು, ಇವನ ಬೂಟು ಹಿಡಿದು ಹೋದರೆ ಮುಟ್ಟುತ್ತೇನೆ ಎಂದುಕೊಂಡು ಆರಾಮಾಗಿ ಬರುತ್ತಿದ್ದರು. ಹತ್ತೊಂಬತ್ತನೇ ಕಿಲೋಮೀಟರಿನ ಮೇಜಿನವನು ಮೂರು ಗಂಟೆ ಏಳು ನಿಮಿಷ ಎಂದು ಕೂಗಿದ. ಅಲ್ಲಿ ಮೂರು ಗಂಟೆ ಎರಡು ನಿಮಿಷ ಆಗಿರಬೇಕಿತ್ತು, ನನ್ನ ನೋಟ್‌ಬುಕ್ ಇವರಿಗೆ ಬಾಯಿಪಾಠ. ಐದು ನಿಮಿಷ ಹೋಗಿತ್ತು. ಆರು ಕಿಲೋಮೀಟರ್ ಉಳಿದಿತ್ತು, ಕೈಯಲ್ಲಿ ಐವತ್ತಮೂರು ನಿಮಿಷ.

ಆಗ ಇವರಿಗೆ ಫೋನಿನ ಹಾಡು ನೆನಪಾಯಿತಂತೆ. ಇದೂ ಅದೇ ಎಂದು ಗೊತ್ತಾಯಿತು. ಬಿಡಿಸಿಕೊಳ್ಳಬೇಕು. ಕೂಡಿದ ಹೆಜ್ಜೆಯನ್ನು ಬೇಕೆಂದೇ ಮುರಿಯುವುದು ನಮ್ಮ ಮನೆಯ ಗಂಡಸರು ಕನಸಿನಲ್ಲೂ ಮಾಡದ ಕೆಲಸ. ಎರಡು ಸಲ ಪ್ರಯತ್ನಿಸಿದರೂ ಕಾಲು ತಿರುಗಿ ಬೂಟಿನ ಸದ್ದಿಗೇ ಹೋಗಿ ಕೂಡಿತು. ಮೂರನೇ ಸಲ ಒಂದು ಹೆಜ್ಜೆ ಅಡ್ಡ ಹಾಕಿ, ಎಡವಿದ ಹಾಗೆ ಮುಂದಕ್ಕೆ ನುಗ್ಗಿ, ಹಿಂತಿರುಗಿ ನೋಡದೆ ಹೊರಟರು. ಬೂಟಿನ ಸದ್ದು ಸ್ವಲ್ಪ ದೂರ ಬೆನ್ನಟ್ಟಿ ಬಂತು. ಆಮೇಲೆ ಕೇಳಲಿಲ್ಲ.

ಇತ್ತ ಹತ್ತೂ ಮುಕ್ಕಾಲಿಗೆ ಮೊದಲಿನವರು ಬರತೊಡಗಿದರು. ಎಲ್ಲ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರು. ಹತ್ತು ಐವತ್ತು. ನಾಗವೇಣಿ ನನ್ನ ಕೈ ಹಿಡಿದಳು. ಹತ್ತು ಐವತ್ತೈದು. ರಸ್ತೆಯ ತಿರುವಿನಲ್ಲಿ ಯಾರ ತಲೆ ಕಂಡರೂ ಇಬ್ಬರೂ ಏಳುವುದು, ಅವರಲ್ಲ ಎಂದು ಕೂರುವುದು. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿನಲ್ಲಿ ನಾನು ಬೇಡಿಕೊಂಡದ್ದು ಇಬ್ಬರಿಗಾಗಿ ಅಲ್ಲ. ಇವರು ಬರಲಿ, ಮಿಕ್ಕವರು ಬಂದರೆ ಬರಲಿ ಬಿಟ್ಟರೆ ಬಿಡಲಿ ಎಂದು ಅವಳ ಕೈ ಹಿಡಿದುಕೊಂಡೇ ಬೇಡಿಕೊಂಡೆ.

ಹತ್ತು ಐವತ್ತೇಳಕ್ಕೆ ಇವರು ಕಂಡರು. ನನಗೆ ಗುರುತೇ ಸಿಗಲಿಲ್ಲ. ಮದುವೆಯಾದಾಗಿನಿಂದ ಇವರು ಹಾಗೆ ನಡೆದದ್ದನ್ನು ನಾನು ನೋಡಿರಲಿಲ್ಲ. ಯಾವ ತಾಳವೂ ಇಲ್ಲ, ಅಂದವೂ ಇಲ್ಲ. ಭುಜ ಒಂದು ಕಡೆ, ಕುತ್ತಿಗೆ ಒಂದು ಕಡೆ, ಬಾಯಿ ತೆರೆದಿದೆ, ಕಣ್ಣು ಮುಂದೆ ನೆಟ್ಟಿದೆ. ಗೇಟಿನ ಪಕ್ಕ ನಿಂತು ಹೆಸರು ಕೂಗಿದೆ, ಕೇಳಿಸಲಿಲ್ಲ. ಗೆರೆ ದಾಟಿದ ಮೇಲೂ ನಡೆಯುತ್ತಲೇ ಇದ್ದರು, ಇಬ್ಬರು ಹಿಡಿದು ನಿಲ್ಲಿಸಬೇಕಾಯಿತು. ಮೇಜಿನವನು ಮೂರು ಐವತ್ತೆಂಟು ನಲವತ್ತು ಎಂದು ಗಟ್ಟಿಯಾಗಿ ಓದಿ ಬರೆದುಕೊಂಡ. ನಾನು ಗೇಟಿನ ಸರಳು ಹಿಡಿದು ಗೊಳೋ ಎಂದು ಅತ್ತೆ. ಮಾವನಿಗೆ ಫೋನು ಮಾಡಿದರೆ ಮಾತು ಹೊರಡಲಿಲ್ಲ, ನನ್ನ ಅಳು ಕೇಳಿ ಅವರು ಹೋಯಿತು ಅಂದುಕೊಂಡರಂತೆ. ಆಯ್ತು ಮಾವ, ಆಯ್ತು ಎಂದು ಹೇಳಲು ಎರಡು ನಿಮಿಷ ಬೇಕಾಯಿತು.

ಕಣ್ಣೊರೆಸಿಕೊಂಡು ತಿರುಗಿದಾಗ ನಾಗವೇಣಿ ಅಲ್ಲೇ ನಿಂತಿದ್ದಳು. ರಸ್ತೆಯನ್ನೇ ನೋಡುತ್ತಿದ್ದಳು. ಹನ್ನೊಂದಕ್ಕೆ ಸೀಟಿ ಊದಿದರು. ಸೀಟಿ ಊದಿದ ಮೇಲೂ ಅವಳು ಕೂರಲಿಲ್ಲ. ಐದಾರು ನಿಮಿಷ ಕಳೆದ ಮೇಲೆ ತಿರುವಿನಲ್ಲಿ ಬೂಟಿನ ಸದ್ದು ಕೇಳಿತು. ಮೇಜಿನವನು ಅವನ ಸಮಯವನ್ನು ಗಟ್ಟಿಯಾಗಿ ಓದಲಿಲ್ಲ, ಸುಮ್ಮನೆ ಬರೆದುಕೊಂಡ.

ಹೊರಗೆ ಬಂದ ರಾಜು ಹೆಂಡತಿಯ ಕೈಯಿಂದ ನೀರು ಇಸಕೊಂಡು ಕುಡಿದ. ಆಮೇಲೆ ಮರದ ಕೆಳಗೆ ಕಾಲು ಚಾಚಿ ಕೂತಿದ್ದ ನನ್ನ ಗಂಡನನ್ನು ಕಂಡು ಹತ್ತಿರ ಬಂದ. ಸಿಟ್ಟು ಇರಲಿಲ್ಲ, ನಗಲು ನೋಡಿದ.

"ಬಿಟ್ಟೇ ಹೋದ್ರಲ್ಲ ಮಾರಾಯ್ರೆ," ಅಂದ. "ಕಂಬ ಸುತ್ತಿದಲ್ಲಿಂದ ನಾನು ನಿಮ್ ಹೆಜ್ಜೆ ಹಿಡ್ಕಂಡೇ ಬರ್ತಿದ್ದೆ. ಇವರು ಗಟ್ಟಿ ಆಳು, ಇವರ ಸಂಗ್ತಿಗೆ ಹೋದ್ರೆ ಮುಟ್ತೆ ಅಂದ್ಕಂಡಿದ್ದೆ."

ಇವರು ತಲೆ ಎತ್ತಿ ಅವನನ್ನೇ ನೋಡಿದರು. "ನಾ ನಿಮ್ಮ ಹೆಜ್ಜಿ ಹಿಡಕೊಂಡಿದ್ದೆ," ಅಂದರು.

ಇಬ್ಬರೂ ಇನ್ನೊಬ್ಬನ ಭರವಸೆಯ ಮೇಲೆ ಆರೂವರೆ ಕಿಲೋಮೀಟರ್ ಬಂದಿದ್ದರು. ನಾಗವೇಣಿ ನನ್ನ ರೊಟ್ಟಿಯ ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. ನಿಮ್ಮನೆಯವರದ್ದಾದರೂ ಆಯಿತಲ್ಲ, ಬಿಡಿ ಅಂದಳು. ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ. ಅವರಿಬ್ಬರೂ ಬಸ್ ಸ್ಟ್ಯಾಂಡಿನ ಕಡೆ ಹೋದರು.

ವಾಪಸು ಬರುವಾಗ ಇವರು ಸ್ಕೂಟಿಯ ಹಿಂದೆ ಕೂತಿದ್ದರು. ಶಿರಾಳಕೊಪ್ಪದಲ್ಲಿ ಮಾವನಿಗೆಂದು ಪೇಡೆ ತೆಗೆದುಕೊಳ್ಳಲು ನಿಲ್ಲಿಸಿದೆ. ಇವರು ಇಳಿಯಲಿಲ್ಲ.

"ಆ ಹತ್ತೊಂಬತ್ತನೇ ಕಿಲೋಮೀಟರಿನ ಮೇಜಿನ ಹತ್ರ ಅವಂಗ ಒಂದು ಮಾತು ಹೇಳಬಹುದಿತ್ತಲ್ಲ," ಅಂದರು. "ತಡ ಆಗೇತಿ, ನನ್ನ ಹಿಂದ ಬಾ ಅಂತ. ಅಷ್ಟ ಸಾಕಿತ್ತು."

ಹೇಳುತ್ತ ನಿಂತಿದ್ದರೆ ನೀವೂ ಮುಟ್ಟುತ್ತಿರಲಿಲ್ಲ, ಸುಮ್ಮನಿರಿ ಎಂದು ಗದರಿದೆ. ಗದರುವಾಗಲೇ ನನಗೆ ಗೊತ್ತಿತ್ತು, ಇವರ ಕೈಯಲ್ಲಿ ಇನ್ನೂ ಎಂಬತ್ತು ಸೆಕೆಂಡು ಉಳಿದಿತ್ತು. ಆ ಮಾತು ಹೇಳಲು ಎರಡು ಸೆಕೆಂಡು ಸಾಕು. ಇವರಿಗೂ ಅದು ಗೊತ್ತಿತ್ತು. ಪೇಡೆಯ ಪೊಟ್ಟಣ ಇವರ ಕೈಗೆ ಕೊಟ್ಟು ಸ್ಕೂಟಿ ಹೊರಡಿಸಿದೆ.